ಅಂಚು ಮಡಚಿದ ಜೀಪು

ನನ್ನ ಷಡ್ಡಕನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಅವನನ್ನು ಹೊಗಳಿದರೆ ಹಲ್ಲು ಕಚ್ಚಿಕೊಂಡು ಹೊಗಳಿದ್ದು ಎಂದು ನೀವೇ ತಿಳಿದುಕೊಳ್ಳಬಹುದು. ತೆಗಳಿದರೆ ಕಾರಣ ಹುಡುಕುವ ಕಷ್ಟವಿಲ್ಲ. ಅಕ್ಕತಂಗಿಯರ ಗಂಡಂದಿರನ್ನು ಒಬ್ಬರ ಪಕ್ಕ ಒಬ್ಬರನ್ನು ನಿಲ್ಲಿಸಿ ಅಳೆಯದ ಮನೆ ಎಲ್ಲಾದರೂ ಇದ್ದರೆ ದಯವಿಟ್ಟು ವಿಳಾಸ ಕೊಡಿ, ಆ ಬೀದಿಯಲ್ಲೇ ಒಂದು ಬಾಡಿಗೆ ಮನೆ ಹುಡುಕಿಕೊಳ್ಳುತ್ತೇನೆ.

ಅವನು ದರ್ಜಿ. ಆರಡಿ ಎತ್ತರ, ಮೈಮೇಲೆ ಮಾಂಸ ಕಡಿಮೆ, ಕತ್ತಿನಲ್ಲಿ ಸದಾ ಅಳತೆಯ ಟೇಪು. ಊಟಕ್ಕೆ ಕೂತಾಗಲೂ ಅದು ಅಲ್ಲೇ. ಹೀಗಾಗಿ ಎಲ್ಲರ ಬಾಯಲ್ಲೂ ಅವನು ಟೇಪಣ್ಣ. ಬಾಯಲ್ಲಿ ಯಾವಾಗಲೂ ನಾಲ್ಕಾರು ಗುಂಡುಸೂಜಿ ಕಚ್ಚಿಕೊಂಡಿರುವುದರಿಂದ ಮಾತು ಕಡಿಮೆ. ನನ್ನ ಹೆಂಡತಿಯ ಪ್ರಕಾರ ಇದು ಗಾಂಭೀರ್ಯ. ನಾನೂ ಒಮ್ಮೆ ಎರಡು ದಿನ ಮಾತಾಡದೆ ಇದ್ದು ನೋಡಿದೆ. "ಹಲ್ಲು ನೋವಾ?" ಎಂದು ಕೇಳಿದಳು.

ನಾನು ಕಚೇರಿಯಲ್ಲಿ ಕಡತಗಳಿಗೆ ನಂಬರು ಕೊಡುವವನು. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ನನ್ನ ಕೈಯಿಂದ ಇದುವರೆಗೆ ಒಂದು ಮೊಳೆಯೂ ನೆಟ್ಟಗೆ ಗೋಡೆಯೊಳಗೆ ಹೋಗಿಲ್ಲ. ಇದನ್ನು ನಾನು ಹೇಳಬೇಕಾಗಿಲ್ಲ, ಮನೆಗೆ ಬಂದವರಿಗೆಲ್ಲ ಗೋಡೆಯೇ ಹೇಳುತ್ತದೆ.

ಟೇಪಣ್ಣನ ಅಂಗಡಿ ಹಳೆಯ ಕಟ್ಟಡವೊಂದರ ಕೆಳಗಿನ ಕೋಣೆ. ಎದುರಿಗೆ ಮೂರು ಮಹಡಿಯ ಸಿದ್ಧ ಉಡುಪಿನ ಅಂಗಡಿ ಎದ್ದ ಮೇಲೆ ಅವನಲ್ಲಿಗೆ ಬರುವವರು ಕಡಿಮೆಯಾದರು. ಬಂದವರೂ ಅಲ್ಲಿ ಕೊಂಡ ಪ್ಯಾಂಟು ತಂದು, "ಸ್ವಲ್ಪ ಉದ್ದ ಆಯ್ತು, ಮಡಚಿ ಕೊಡ್ತೀರಾ?" ಎನ್ನುವವರು. ಅಷ್ಟರಲ್ಲಿ ಕಟ್ಟಡ ಕೆಡವುತ್ತೇವೆ, ಖಾಲಿ ಮಾಡಿ ಎಂದು ಮಾಲೀಕರು ಹೇಳಿದರು. ಎದುರಂಗಡಿಯ ಯಜಮಾನರು ಒಳ್ಳೆಯವರು. ತಾವೇ ರಸ್ತೆ ದಾಟಿ ಬಂದು, "ನಮ್ಮಲ್ಲಿಗೆ ಬಂದ್ಬಿಡಿ. ಮೆಟ್ಟಿಲ ಕೆಳಗೆ ಒಂದು ಮಿಷನ್ ಹಾಕ್ಕೊಡ್ತೀನಿ. ತಿಂಗಳ ಸಂಬಳ. ಉದ್ದ ಇದ್ದದ್ದು ಗಿಡ್ಡ ಮಾಡೋದು, ಅಗಲ ಇದ್ದದ್ದು ಕಿರಿದು ಮಾಡೋದು, ಅಷ್ಟೇ" ಎಂದರು. ಐದು ತಿಂಗಳ ವಾಯಿದೆಯನ್ನೂ ಕೊಟ್ಟರು.

ಟೇಪಣ್ಣನಿಗೆ ಬೇರೆ ಯೋಚನೆಯಿತ್ತು. ಬೆಟ್ಟದ ಮೇಲೆ ಕಲ್ಲುಗಣಿಗಳಿವೆ, ಅದರಾಚೆ ಇನ್ನೂರು ಮಕ್ಕಳ ಒಂದು ಶಾಲೆಯಿದೆ. ಟಾರು ರಸ್ತೆ ಅರ್ಧಕ್ಕೇ ನಿಲ್ಲುತ್ತದೆ, ಆಮೇಲೆ ಬರೀ ಕಲ್ಲು, ಕೊರಕಲು. ಅಲ್ಲಿಗೆ ಯಾವ ದರ್ಜಿಯೂ ಹೋಗುವುದಿಲ್ಲ. "ಜನ ನನ್ನ ಹತ್ರ ಬರದಿದ್ರೆ ನಾನೇ ಹೋಗ್ತೀನಿ. ಗಾಡಿ ಹಿಂದೆ ಮಿಷನ್ ಇಟ್ಕೊಂಡು, ಅಲ್ಲೇ ಅಳತೆ, ಅಲ್ಲೇ ಹೊಲಿಗೆ" ಎಂದ. ಶಾಲೆಯ ಮುಖ್ಯೋಪಾಧ್ಯಾಯಿನಿ, "ನೀವು ಇಲ್ಲಿಗೆ ಬರೋದಾದ್ರೆ ಇಡೀ ಶಾಲೆ ಸಮವಸ್ತ್ರ ನಿಮ್ಮದೇ" ಎಂದಿದ್ದರು. ಬೇಕಾಗಿದ್ದದ್ದು ಬೆಟ್ಟ ಹತ್ತುವ ಗಾಡಿ. ಅದನ್ನು ಕೊಳ್ಳುವಷ್ಟು ದುಡ್ಡು ಅವನ ವಂಶದಲ್ಲೇ ಯಾರ ಹತ್ತಿರವೂ ಇರಲಿಲ್ಲ.

ಇಲ್ಲಿಂದ ನನ್ನ ಸಂಕಟ ಶುರು.

ನಮ್ಮ ಮನೆಯ ಪಕ್ಕದಲ್ಲೊಂದು ಖಾಲಿ ನಿವೇಶನ. ಅದರಲ್ಲಿ ಒಬ್ಬ ಗುತ್ತಿಗೆದಾರರ ಹಳೆಯ ಜೀಪು ಒಂಬತ್ತು ವರ್ಷದಿಂದ ಬಿದ್ದಿತ್ತು. ಚಕ್ರಗಳು ಅರ್ಧ ಮಣ್ಣಿನಲ್ಲಿ, ಬಾನೆಟ್ಟಿನೊಳಗಿಂದ ಒಂದು ಗಿಡ. ಮಲಗುವ ಕೋಣೆಯ ಕಿಟಕಿ ತೆಗೆದರೆ ಅದರ ಒಡೆದ ದೀಪ ನನ್ನನ್ನೇ ನೋಡುತ್ತಿತ್ತು. ಇಲಿ, ಹಾವು, ಸೊಳ್ಳೆ ಎಂದು ಅದರ ವಿರುದ್ಧ ನಾನು ಏಳು ದೂರು ಬರೆದಿದ್ದೇನೆ. ಪ್ರತಿಯೊಂದಕ್ಕೂ ನಾನೇ ಒಂದು ನಂಬರು ಕೊಟ್ಟು ನಕಲು ಇಟ್ಟುಕೊಂಡಿದ್ದೇನೆ. ಒಂಬತ್ತು ವರ್ಷದಲ್ಲಿ ಅದು ಜೀಪು ಎಂದು ನನಗೆ ಒಮ್ಮೆಯೂ ಹೊಳೆಯಲಿಲ್ಲ. ಟೇಪಣ್ಣ ಒಂದು ಭಾನುವಾರ ಕಾಫಿಗೆ ಬಂದವನು, ಲೋಟ ಹಿಡಿದುಕೊಂಡು ಕಿಟಕಿಯಲ್ಲಿ ನಿಂತು ಅದನ್ನೇ ಅರ್ಧ ಗಂಟೆ ನೋಡಿದ. ಕಾಫಿ ಆರಿತು. ಮರುವಾರ ಜೀಪು ಅವನದಾಗಿತ್ತು.

"ಎಷ್ಟಕ್ಕೆ?" ಎಂದು ಕೇಳಿದೆ.

"ಎರಡು ಸೂಟು, ನಾಲ್ಕು ಪ್ಯಾಂಟು" ಎಂದ.

ಆ ಗುತ್ತಿಗೆದಾರರ ಹೊಟ್ಟೆಗೆ ಸರಿಹೊಂದುವ ಸಿದ್ಧ ಉಡುಪು ಜಗತ್ತಿನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಆದರೆ ನನಗೆ ಗೊತ್ತಿದ್ದು ಏನು ಪ್ರಯೋಜನ, ನನಗೆ ಕಾಜಾಗೆ ಗುಂಡಿ ಹಾಕಲೂ ಕನ್ನಡಿ ಬೇಕು.

ಹೊಸ ಕಾರು ಕೊಂಡಾಗ ನಮ್ಮ ಮನೆಗೆ ಯಾರೂ ನೋಡಲು ಬಂದಿರಲಿಲ್ಲ. ಕಂತಿನ ಮೇಲೆ ತಂದ ಸಣ್ಣ ಕಾರು, ನಿಜ. ಆದರೂ ಹೊಸದು, ಸೀಟಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. "ಚೆನ್ನಾಗಿದೆ" ಎಂದು ಮಾವನವರು ಬಾಗಿಲಲ್ಲೇ ನಿಂತು ಹೇಳಿ ಒಳಗೆ ಹೋಗಿದ್ದರು. ಈಗ ಅದೇ ಮಾವನವರು ವಾರಕ್ಕೊಮ್ಮೆ ಎರಡು ಬಸ್ಸು ಬದಲಿಸಿ ಈ ತುಕ್ಕಿನ ರಾಶಿ ನೋಡಲು ಬರುತ್ತಿದ್ದರು. ಕೂರಲು ನಮ್ಮ ಮನೆಯ ಕುರ್ಚಿ. ಕುಡಿಯಲು ನಮ್ಮ ಮನೆಯ ಕಾಫಿ. ವೆಲ್ಡಿಂಗಿಗೆ ಕರೆಂಟೂ ನಮ್ಮ ಮನೆಯದೇ. ಕಿಟಕಿಯಿಂದ ವೈರು ಎಳೆದು ಕೊಟ್ಟವಳು ನನ್ನ ಹೆಂಡತಿ. ಅಲ್ಲಿ ಕಿಡಿ ಹಾರಿದಾಗೆಲ್ಲ ಇಲ್ಲಿ ನನ್ನ ತಲೆಯ ಮೇಲಿನ ಫ್ಯಾನು ನಿಧಾನವಾಗುತ್ತಿತ್ತು.

ಭಾನುವಾರ ಭಾನುವಾರ ನಾನು ಸಹಾಯಕ್ಕೆ ಹೋಗುತ್ತಿದ್ದೆ. ಸಹಾಯಕ್ಕೆ ಎಂದು ಹೇಳಿಕೊಂಡು ಹೋಗುತ್ತಿದ್ದೆ ಎನ್ನುವುದು ಸರಿ. ಅದು ಎಲ್ಲಿ ಕೆಡುತ್ತದೆ ಎಂದು ಹತ್ತಿರದಿಂದ ನೋಡುವ ಆಸೆ.

ಟೇಪಣ್ಣ ಯಾರಿಗೂ ದುಡ್ಡು ಕೊಡಲಿಲ್ಲ, ಹೊಲಿದುಕೊಟ್ಟ. ಎಂಜಿನ್ ಬಿಚ್ಚಿ ಕಟ್ಟಿದ ಮೆಕ್ಯಾನಿಕ್‌ಗೂ ಅವನ ಕಡೆಯವರಿಗೂ ನೀಲಿ ಕೆಲಸದ ಅಂಗಿ. ರೇಡಿಯೇಟರಿನ ತೂತು ಮುಚ್ಚಿದವನಿಗೆ ಎರಡು ಷರಟು. ಗುಜರಿಯಿಂದ ಸ್ಟೀರಿಂಗ್ ಹುಡುಕಿಕೊಟ್ಟವನ ತಾಯಿಗೆ ನಾಲ್ಕು ರವಿಕೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಗ್ಯಾರೇಜುಗಳ ಆ ಇಡೀ ಬೀದಿಗೆ ಒಂದು ಕಳೆ ಬಂತು. ಮೈಗೆಲ್ಲ ಗ್ರೀಸು ಮೆತ್ತಿಕೊಂಡವರು ಇಸ್ತ್ರಿಯ ಗೆರೆ ಕೆಡಬಾರದೆಂದು ಲಾರಿಯ ಕೆಳಗೆ ಹುಷಾರಾಗಿ ತೆವಳುತ್ತಿದ್ದರು. ನಾನೊಬ್ಬ ಮಾತ್ರ ಆ ಬೀದಿಯಲ್ಲಿ ಮೊಣಕಾಲು ಜೋತುಬಿದ್ದ ಪ್ಯಾಂಟಿನವನಾದೆ.

ಬಾಡಿಯ ಕೆಲಸ, ಅಂದರೆ ತಗಡಿನ ಕೆಲಸ, ತಾನೇ ಮಾಡುತ್ತೇನೆ ಎಂದ ಟೇಪಣ್ಣ. ಹೊಸ ತಗಡು ಕೊಳ್ಳುವ ಶಕ್ತಿಯಿಲ್ಲ. ಹಳೆಯ ಜಾಹೀರಾತು ಫಲಕಗಳನ್ನು ಗುಜರಿಯಿಂದ ತಂದ. ಜೀಪಿಗೆ ಸುತ್ತಲೂ ಟೇಪು ಹಿಡಿದ, ಕಂಕುಳು, ಸೊಂಟ, ಭುಜ ಎಂದು ಗೊಣಗಿಕೊಂಡು ಕಂದು ಕಾಗದದಲ್ಲಿ ನಮೂನೆ ಕತ್ತರಿಸಿದ, ಅದನ್ನು ತಗಡಿನ ಮೇಲಿಟ್ಟು ದರ್ಜಿಯ ಸೀಮೆಸುಣ್ಣದಲ್ಲಿ ಗೆರೆ ಎಳೆದ. ನೆಲಕ್ಕೆ ಹಾಕಲು ಮೊದಲ ತಗಡು ಕತ್ತರಿಸಿ ತಂದ ದಿನ ನಾನು ಜೀವನದಲ್ಲಿ ಅಪರೂಪಕ್ಕೆ ಸಿಗುವ ಸುಖ ಕಂಡೆ. ತಗಡು ಒಳಗೆ ಕೂರಲಿಲ್ಲ. ಸುತ್ತಲೂ ಒಂದೊಂದು ಇಂಚು ದೊಡ್ಡದಿತ್ತು.

ಬೆಸುಗೆಗೆಂದು ಬರುತ್ತಿದ್ದ ವೆಲ್ಡರ್ ಒಮ್ಮೆ ತಗಡು ನೋಡಿದ, ಒಮ್ಮೆ ಟೇಪಣ್ಣನನ್ನು ನೋಡಿದ. "ಏನಣ್ಣ ಇದು?"

"ಹೊಲಿಗೆಗೆ ಒಂದಿಂಚು ಬಿಟ್ಟಿದೀನಿ" ಎಂದ ಟೇಪಣ್ಣ. ಹೇಳಿದ ಮೇಲೆ ಅವನಿಗೇ ತಿಳಿಯಿತು.

ವೆಲ್ಡರ್ ನೆಲದ ಮೇಲೆ ಕೂತು ನಕ್ಕ. "ಕಬ್ಬಿಣಕ್ಕೂ ಅಂಚು ಬಿಟ್ರಾ! ಮುಂದಿನ ವರ್ಷ ಜೀಪು ದಪ್ಪ ಆದ್ರೆ ಬಿಚ್ಚಿ ದೊಡ್ಡದು ಮಾಡ್ಬೋದು ಅಂತಾನಾ?" ನಾನೂ ನಕ್ಕೆ. ಸ್ವಲ್ಪ ಜಾಸ್ತಿಯೇ ನಕ್ಕೆ ಎಂದು ಆಮೇಲೆ ಹೆಂಡತಿ ಹೇಳಿದಳು. ಕತ್ತರಿಸಿದ್ದು ಒಂದಲ್ಲ, ಹನ್ನೊಂದು ತಗಡು. ಎಲ್ಲಕ್ಕೂ ಅಂಚು ಬಿಟ್ಟಿದ್ದ. ಕೈಗೆ ಬಂದ ಅಭ್ಯಾಸ, ತಲೆಯನ್ನು ಕೇಳುವುದಿಲ್ಲ.

ನನ್ನ ಸುಖ ಅರ್ಧ ಗಂಟೆ ಬಾಳಿತು. ಟೇಪಣ್ಣ ಸುಮ್ಮನೆ ಕೂತಿದ್ದವನು ಎದ್ದು, ಒಂದು ಕಬ್ಬಿಣದ ಸರಳಿನ ಮೇಲೆ ತಗಡಿನ ಅಂಚಿಟ್ಟು ಮರದ ಸುತ್ತಿಗೆಯಿಂದ ಒಳಕ್ಕೆ ಮಡಚಿದ. ಷರಟಿನ ಕೆಳಗಂಚು ಮಡಚಿದ ಹಾಗೆ. ನಾಲ್ಕೂ ಕಡೆ ಮಡಚಿ ಒಳಗಿಟ್ಟ. ಅಚ್ಚುಕಟ್ಟಾಗಿ ಕೂತಿತು. ವೆಲ್ಡರ್ ಮೇಲೆ ಹತ್ತಿ ಕುಣಿದು ನೋಡಿದ. ತಗಡು ಕಮಕ್ ಕಿಮಕ್ ಅನ್ನಲಿಲ್ಲ. ಅಂಚು ಎರಡು ಪದರವಾದ್ದರಿಂದ ಬೆಸುಗೆಯೂ ಗಟ್ಟಿಯಾಗಿ ಹಿಡಿಯಿತು. "ಇದು ಚೆನ್ನಾಗಿದೆಯಲ್ಲ ಮಾರಾಯ್ರೆ!" ಎಂದ. ಮುಂದಿನ ವಾರದಿಂದ ತನ್ನ ಬೇರೆ ಗಿರಾಕಿಗಳ ಕೆಲಸಕ್ಕೂ ಅಂಚು ಬಿಡಲು ಶುರುಮಾಡಿದ. ನೆಲದ ತಗಡು ಹಳೆಯ ಹಲ್ಲುಪುಡಿಯ ಜಾಹೀರಾತು. ಇವತ್ತಿಗೂ ಆ ಜೀಪಿನಲ್ಲಿ ಚಾಲಕನ ಎರಡು ಪಾದಗಳ ನಡುವೆ ಒಂದು ಹೆಂಗಸು ಮೂವತ್ತೆರಡು ಹಲ್ಲು ತೋರಿಸಿ ನಗುತ್ತಾಳೆ. ನನ್ನನ್ನು ನೋಡಿಯೇ ನಗುತ್ತಾಳೆ ಎಂದು ನನ್ನ ಗುಮಾನಿ.

ಸೀಟುಗಳಿಗೆ ಗಿರಾಕಿಗಳು ಹೊಲಿಯಲು ಕೊಟ್ಟು ಒಯ್ಯದೆ ಬಿಟ್ಟ ಪ್ಯಾಂಟುಗಳನ್ನು ಬಿಚ್ಚಿ ಜೋಡಿಸಿದ. ಜೇಬುಗಳನ್ನು ಹಾಗೇ ಉಳಿಸಿದ. ಕೂತವರು ಎಲ್ಲಿ ಕೈಯಿಟ್ಟರೂ ಒಂದು ಜೇಬು ಸಿಗುತ್ತದೆ. ಬೆನ್ನಿನ ಕಡೆಯ ಒಂದು ಬೂದು ಬಣ್ಣದ ತುಂಡು ನನಗೆ ಪರಿಚಿತ ಅನ್ನಿಸಿತು. ಕೇಳಿದೆ.

"ಹೌದಣ್ಣ, ನಿಮ್ಮದೇ. ಆರು ವರ್ಷ ಆಯ್ತು, ಸೊಂಟ ಇಳಿದ್ಮೇಲೆ ತಗೊಂಡು ಹೋಗ್ತೀನಿ ಅಂದಿದ್ರಿ."

ಹೀಗೆ ಐದನೆಯ ತಿಂಗಳು ಬಂತು. ಗಾಡಿಯ ನೋಂದಣಿ ಪುಸ್ತಕದ ಅವಧಿ ಮುಗಿದು ಎಷ್ಟೋ ವರ್ಷವಾಗಿತ್ತು. ಅಂಥ ಹಳೆಯ ಗಾಡಿಗಳಿಗೆ ಆ ತಿಂಗಳ ಮೂವತ್ತನೆಯ ತಾರೀಖೇ ಕೊನೆಯ ತಪಾಸಣೆ. ಅಂದು ಪಾಸಾದರೆ ಜೀಪು. ಇಲ್ಲದಿದ್ದರೆ ಪುಸ್ತಕ ರದ್ದು, ಗಾಡಿ ಗುಜರಿಗೆ. ಮರುದಿನ, ಒಂದನೆಯ ತಾರೀಖು, ಎದುರಂಗಡಿಯ ಯಜಮಾನರಿಗೆ ಕೊಟ್ಟ ಮಾತಿನ ದಿನ. ನಾದಿನಿ, ಅಂದರೆ ಅವನ ಹೆಂಡತಿ, ಕ್ಯಾಲೆಂಡರಿನಲ್ಲಿ ಆ ಎರಡು ದಿನಗಳಿಗೂ ಒಂದೇ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಳು.

ಹತ್ತೊಂಬತ್ತನೆಯ ತಾರೀಖು ಚಾಸಿಗೆ ಕೊನೆಯ ತೇಪೆ. ಚಾಸಿ ಎಂದರೆ ಗಾಡಿಯ ಬೆನ್ನುಮೂಳೆ. ಎರಡು ಉದ್ದನೆಯ ಕಬ್ಬಿಣದ ತೊಲೆ. ಬಲಗಡೆಯದರಲ್ಲಿ ಮುಂದಿನ ಚಕ್ರದ ಹತ್ತಿರ ಅಂಗೈಯಗಲ ತುಕ್ಕು ತಿಂದು ತೂತಾಗಿತ್ತು. ಟೇಪಣ್ಣ ಕೆಳಗೆ ಮಲಗಿ ಸೀಮೆಎಣ್ಣೆಯ ಬಟ್ಟೆಯಿಂದ ಅರೆಗತ್ತಲಲ್ಲೇ ಅದನ್ನು ಒರೆಸಿ, ಸುತ್ತ ಸೀಮೆಸುಣ್ಣದ ಗೆರೆ ಎಳೆದು ಹೊರಬಂದ. ತೇಪೆಯ ಅಳತೆ ಗುರುತುಮಾಡಿದ. "ಹರಿದದ್ದಕ್ಕಿಂತ ತೇಪೆ ಸುತ್ತಲೂ ಎರಡು ಬೆರಳು ದೊಡ್ಡದಿರ್ಬೇಕು. ಗಟ್ಟಿ ಬಟ್ಟೆ ಮೇಲೆ ಹೊಲಿಗೆ ಬೀಳ್ಬೇಕು" ಎಂದ. ದಪ್ಪ ಪಟ್ಟಿ, ಮಡಚಲು ಬಾರದ್ದು. ಅಂಚನ್ನು ಹಾಗೇ ಬಿಡುವುದೆಂದಾಯಿತು. ವೆಲ್ಡರ್ ಕಪ್ಪು ಕನ್ನಡಕ ಏರಿಸಿಕೊಂಡು ಕೆಳಗೆ ತೂರಿದ. ಟಾರ್ಚು ಹಿಡಿಯುವ ಭಾಗ್ಯ ನನ್ನದು.

ಟಾರ್ಚಿನ ಬೆಳಕಿನಲ್ಲಿ ನಾನು ನಂಬರು ನೋಡಿದೆ. ತೂತಿನ ಮೇಲ್ಗಡೆ, ಒರೆಸಿದ ಕಬ್ಬಿಣದ ಮೇಲೆ, ಕಂಪನಿಯವರು ಹೊಡೆದ ಆರು ಅಂಕಿ. ಏಳು, ಮೂರು, ಸೊನ್ನೆ, ನಾಲ್ಕು, ನಾಲ್ಕು, ಒಂಬತ್ತು. ನಂಬರು ಕಂಡರೆ ಓದದೆ ಬಿಡಲು ನನ್ನಿಂದಾಗದು. ಟೇಪಣ್ಣನ ಸೀಮೆಸುಣ್ಣದ ಗೆರೆ ಅದಕ್ಕೂ ಮೇಲೆ ಹಾದುಹೋಗಿತ್ತು. ಆ ಎರಡು ಬೆರಳ ಅಂಚು ಬಿಡದಿದ್ದರೆ ತೇಪೆ ನಂಬರಿನ ಕೆಳಗೇ ನಿಲ್ಲುತ್ತಿತ್ತು. ಬಿಟ್ಟದ್ದರಿಂದ ನಂಬರು ಪೂರ್ತಿ ಒಳಗೆ ಹೋಗುತ್ತದೆ. ಆ ನಂಬರಿಲ್ಲದೆ ತಪಾಸಣೆಯಲ್ಲಿ ಯಾವ ಗಾಡಿಯೂ ಪಾಸಾಗುವುದಿಲ್ಲ. ನನ್ನ ಕಾರಿಗೆ ಮಾಡಿದಾಗ ಕಣ್ಣಾರೆ ನೋಡಿದ್ದೆ. ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅದರ ಅಚ್ಚು ತೆಗೆದುಕೊಳ್ಳುತ್ತಾರೆ.

ಹೇಳಲು ಬಾಯಿ ತೆರೆದೆ. ನನ್ನಾಣೆ, ತೆರೆದೆ.

"ಟಾರ್ಚ್ ಕೂಡ ನೆಟ್ಟಗೆ ಹಿಡಿಯೋಕೆ ಬರಲ್ವೇನ್ರೀ?" ಎಂದಳು ಹೆಂಡತಿ ಹಿಂದಿನಿಂದ. "ಟೇಪಣ್ಣನ ಕೈ ನೋಡಿ, ಒಂದು ಚೂರು ನಡುಗಲ್ಲ."

ಬಾಯಿ ಮುಚ್ಚಿದೆ. ಟಾರ್ಚು ನೆಟ್ಟಗೆ ಹಿಡಿದೆ. ಕಿಡಿ ಹಾರಿತು. ಮನೆಯ ಫ್ಯಾನು ನಿಧಾನವಾಗಿರಬೇಕು.

ಮೊದಲ ದಿನ, ನಾಳೆ ಹೇಳಿದರಾಯಿತು ಅಂದುಕೊಂಡೆ. ಎರಡನೆಯ ದಿನ, ಗಾಡಿ ತನ್ನದಾದ ಮೇಲೆ ಇಷ್ಟೂ ತಿಳಿದಿರಬೇಡವೇ ಎಂದುಕೊಂಡೆ. ನಾಲ್ಕನೆಯ ದಿನ ಜೀಪಿಗೆ ಹಸಿರು ಬಣ್ಣ ಬಿತ್ತು. ಬೀದಿಯ ಜನ ನಿಂತು ನೋಡಿದರು. ಒಬ್ಬಾತ ನನ್ನ ಕಾರಿಗೆ ಒರಗಿಕೊಂಡು ನೋಡಿದ. ಆರನೆಯ ದಿನ ಎಂಜಿನ್ ಶುರುವಾಯಿತು. ಮಾವನವರ ಕಣ್ಣಲ್ಲಿ ನೀರು. ನಮ್ಮ ಮದುವೆಯಲ್ಲಿ ಮಗಳನ್ನು ಕಳಿಸಿಕೊಡುವಾಗಲೂ ಅವರು ಅತ್ತಿರಲಿಲ್ಲ. ಎಂಟನೆಯ ದಿನದ ಹೊತ್ತಿಗೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಉತ್ತರವಿಲ್ಲದ ಸ್ಥಿತಿಗೆ ಬಂದಿದ್ದೆ. ಒಂದು ಸುಳ್ಳು ಹೇಳಿದವನಾದರೂ ಎಲ್ಲೋ ಒಂದು ಕಡೆ ನಿಲ್ಲುತ್ತಾನೆ, ನಿಜ ಹೇಳದೆ ಉಳಿದವನು ದಿನಾ ಬೆಳಿಗ್ಗೆ ಎದ್ದು ಹೊಸದಾಗಿ ಹೇಳದೆ ಇರಬೇಕು.

ಇಪ್ಪತ್ತೊಂಬತ್ತನೆಯ ತಾರೀಖು ಮಧ್ಯಾಹ್ನ ನಾನು ಆ ಸಿದ್ಧ ಉಡುಪಿನ ಅಂಗಡಿಗೆ ಹೋದೆ. ಷರಟು ಕೊಳ್ಳಲು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನಿಜವಾಗಿ ಹೋದದ್ದು, ಎರಡು ದಿನ ಬಿಟ್ಟು ಅವನು ಕೂರಲಿರುವ ಜಾಗ ನೋಡಲು. ಕಣ್ಣು ತಣಿಸಿಕೊಳ್ಳಲು.

ಮೆಟ್ಟಿಲ ಕೆಳಗೆ ಒಂದು ಮಿಷನ್, ಒಂದು ಸ್ಟೂಲು, ಒಂದು ಬಲ್ಬು. ಪಕ್ಕದಲ್ಲಿ ಗಿಡ್ಡ ಮಾಡಬೇಕಾದ ಪ್ಯಾಂಟುಗಳ ಗುಡ್ಡೆ.

"ಕೂತು ನೋಡಿ ಸಾರ್, ನಿಮ್ಮ ಷಡ್ಡಕರ ಸೀಟು" ಎಂದರು ಯಜಮಾನರು ಪ್ರೀತಿಯಿಂದ.

ಕೂತೆ. ಐದಡಿ ನಾಲ್ಕಂಗುಲದ ನನ್ನ ತಲೆಯೇ ಮೆಟ್ಟಿಲಿಗೆ ತಗುಲಿತು. "ಅವರು ಆರಡಿ ಇದ್ದಾರಲ್ಲ?" ಎಂದೆ.

"ಅಭ್ಯಾಸ ಆಗುತ್ತೆ. ಹಿಂದೆ ಇದ್ದವರೂ ಎತ್ತರದವರೇ. ಎರಡು ತಿಂಗಳಲ್ಲಿ ಒಗ್ಗಿ ಹೋದ್ರು. ಆಮೇಲೆ ಊಟಕ್ಕೆ ಎದ್ದು ಹೋಗುವಾಗ್ಲೂ ಹೀಗೇ ನಡೀತಿದ್ರು, ಪಾಪ" ಎಂದು ಕತ್ತು ಬಗ್ಗಿಸಿ ನಾಲ್ಕು ಹೆಜ್ಜೆ ನಡೆದು ತೋರಿಸಿದರು. ಅಷ್ಟರಲ್ಲಿ ಮೇಲಿನಿಂದ ಯಾರೋ ಧಡಧಡ ಇಳಿದರು. ನನ್ನ ನೆತ್ತಿಯ ಮೇಲೇ ಇಳಿದ ಹಾಗಾಯಿತು.

ನಾನು ದೊಡ್ಡ ಮನುಷ್ಯನಲ್ಲ. ಆ ಸ್ಟೂಲಿನ ಮೇಲೆ ಕೂತು ನನ್ನ ಹೊಟ್ಟೆಕಿಚ್ಚು ಕರಗಿ ನೀರಾಯಿತು ಎಂದೇನೂ ಅಲ್ಲ. ಆದರೆ ಅವನಿಗೆ ಆ ಬಗ್ಗಿದ ಕತ್ತು ಬರುವುದು ನನಗೆ ಬೇಕಾಗಿರಲಿಲ್ಲ. ಅವನು ನನಗಿಂತ ಎತ್ತರ ಇರುವುದು ನನ್ನ ಹಳೆಯ ಕೊರಗು. ಅವನನ್ನು ಕತ್ತರಿಸಿ ಗಿಡ್ಡ ಮಾಡಿ ಎಂದು ನಾನು ಯಾರಿಗೂ ಅರ್ಜಿ ಕೊಟ್ಟಿರಲಿಲ್ಲ. ಷರಟು ಕೊಳ್ಳದೆ ಎದ್ದುಬಂದೆ.

ನಿವೇಶನದಲ್ಲಿ ಎಲ್ಲರೂ ಇದ್ದರು. ಟೇಪಣ್ಣ ಮಿಷನ್ನನ್ನು ಜೀಪಿನ ಹಿಂಭಾಗಕ್ಕೆ ಬೋಲ್ಟು ಹಾಕುತ್ತಿದ್ದ, ವೆಲ್ಡರ್ ದೀಪ ಸರಿಮಾಡುತ್ತಿದ್ದ, ಅಕ್ಕತಂಗಿಯರಿಬ್ಬರೂ ಮೇಲ್ಹೊದಿಕೆಯ ಕ್ಯಾನ್ವಾಸಿಗೆ ಹಗ್ಗ ಪೋಣಿಸುತ್ತಿದ್ದರು. ನಾನು ಈಗ ತಾನೇ ನೆನಪಾದವನ ಹಾಗೆ ಕೇಳಿದೆ. "ನಾಳೆ ನಂಬರ್ ನೋಡ್ತಾರಲ್ಲ, ಎಲ್ಲಿದೆ ಅದು?"

ಟೇಪಣ್ಣ ಮುಂದೆ ಸ್ಟೀರಿಂಗಿನ ಬಳಿ ಇದ್ದ, ನಂಬರು ಕೊರೆದ ಹಿತ್ತಾಳೆಯ ಪಟ್ಟಿ ತೋರಿಸಿದ. ಅದನ್ನು ಚಿನ್ನದ ಹಾಗೆ ತಿಕ್ಕಿ ಇಟ್ಟಿದ್ದ.

"ಅದಲ್ಲ. ಚಾಸಿ ಮೇಲೆ ಹೊಡೆದಿರೋದು. ಅದಿಲ್ದೆ ಪಾಸ್ ಮಾಡಲ್ಲ."

ವೆಲ್ಡರ್ ಎಡಗಡೆ ತೂರಿದ. ಇಲ್ಲ. ಬಲಗಡೆ ತೂರಿದ. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಮುಖ ಬೂದಿಯಾಗಿತ್ತು. "ತೇಪೆ ಕೆಳಗೆ ಹೋಗಿರ್ಬೇಕು. ನಾನು ಕನ್ನಡಕ ಹಾಕಿದ್ದೆ ಅಣ್ಣ, ಕಾಣ್ಲಿಲ್ಲ."

ನಾದಿನಿ ಹಗ್ಗ ಕೆಳಗಿಟ್ಟಳು.

"ಕಿತ್ತುಬಿಡೋಣ" ಎಂದೆ.

"ಕಿತ್ರೆ ಒಳಗಿನ ತುಕ್ಕು ಕಬ್ಬಿಣಾನೂ ಜೊತೆಗೇ ಬರುತ್ತೆ. ನಂಬರೂ ಹೋಗುತ್ತೆ, ಚಾಸಿನೂ ಹೋಗುತ್ತೆ" ಎಂದ ವೆಲ್ಡರ್.

ಟೇಪಣ್ಣ ಬಾಯಿಂದ ಗುಂಡುಸೂಜಿ ಒಂದೊಂದಾಗಿ ತೆಗೆದು ಅಂಗಿಯ ಕಾಲರಿಗೆ ಚುಚ್ಚಿಕೊಂಡ. ಆಮೇಲೆ ಹೇಳಿದ. "ಬಿಚ್ಚೋದು ಬೇಡ. ಕಾಜಾ ಮಾಡೋಣ."

"ಏನು?"

"ಷರಟಿಗೆ ಕಾಜಾ ಮಾಡಲ್ವಾ? ನಂಬರಿರೋ ಜಾಗದಲ್ಲಿ ಮಾತ್ರ ಉದ್ದಕ್ಕೆ ಸೀಳಿ, ಸುತ್ತ ಹೊಲಿಗೆ. ಹೊಲಿಗೆ ಬಿಗಿಯಾಗಿದ್ರೆ ಅಲ್ಲಿ ಹರಿಯಲ್ಲ."

ವೆಲ್ಡರ್ ತಲೆ ಕೆರೆದುಕೊಂಡ. "ಮಾಡ್ಬೋದು. ಆದ್ರೆ ಎಲ್ಲಿ ಅಂತ? ಗ್ರೈಂಡರ್ ಒಂದು ಬೆರಳು ಆಚೀಚೆ ಆದ್ರೆ ನಂಬರನ್ನೇ ತಿಂದುಹಾಕುತ್ತೆ. ಅವತ್ತು ಯಾರಾದ್ರೂ ನೋಡಿದ್ರಾ?"

ಟೇಪಣ್ಣ ಇಲ್ಲವೆಂದು ತಲೆಯಾಡಿಸಿದ. ಇಷ್ಟು ಹೊತ್ತು ನಾನು ಎಷ್ಟು ಜಾಣತನದಿಂದ ಪಾರಾಗಿದ್ದೆ ಗೊತ್ತೇ? ಸಮಯಕ್ಕೆ ನೆನಪಿಸಿದ ಹಿರಿಯ ಷಡ್ಡಕ. ಪಾಸಾದರೆ ನನ್ನಿಂದ, ಆಗದಿದ್ದರೆ ವಿಧಿಯಿಂದ. ಇನ್ನೊಂದು ಮಾತು ಆಡದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆಡಿದರೆ ಜಾಗ ಹೇಳಬೇಕು, ಜಾಗ ಅಷ್ಟು ಸರಿಯಾಗಿ ಹೇಳಿದವನು ಅವತ್ತೇ ನೋಡಿರಬೇಕು.

"ಮೇಲಿನ ಅಂಚಿಂದ ಅರ್ಧ ಬೆರಳು ಕೆಳಗೆ" ಎಂದೆ. "ಚಕ್ರದ ಕಡೆಯಿಂದ ಮೂರು ಬೆರಳು ಬಿಟ್ಟು ಶುರು. ಆರು ಅಂಕಿ. ಉದ್ದ ನನ್ನ ನಾಲ್ಕು ಬೆರಳಷ್ಟು."

"ಅಂದಾಜಾ ಸಾರ್?" ಎಂದ ವೆಲ್ಡರ್.

"ಅಂದಾಜಲ್ಲ. ನೋಡಿದೀನಿ. ಏಳು ಮೂರು ಸೊನ್ನೆ ನಾಲ್ಕು ನಾಲ್ಕು ಒಂಬತ್ತು."

ನಾದಿನಿ ಪುಸ್ತಕ ತೆಗೆದು ನೋಡಿದಳು. "ಹೌದು" ಎಂದಳು ಮೆಲ್ಲಗೆ. ಆಮೇಲೆ, "ಯಾವಾಗ ನೋಡಿದ್ರಿ ಭಾವ?"

"ತೇಪೆ ಇಡೋ ಮೊದಲು."

ನನ್ನ ಹೆಂಡತಿ ನನ್ನ ಕಡೆ ತಿರುಗಿದಳು. ಅವಳು ಏನೂ ಹೇಳಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಏನೂ ಹೇಳದೆ ಇದ್ದದ್ದು ಅದೇ ಮೊದಲು.

ಟೇಪಣ್ಣ ನನ್ನನ್ನು ಒಂದು ಕ್ಷಣ ನೋಡಿದ. ಕತ್ತಿನ ಟೇಪು ತೆಗೆದು, ಅದರ ಜೊತೆಗೊಂದು ಸೀಮೆಸುಣ್ಣದ ತುಂಡೂ ಸೇರಿಸಿ ನನ್ನ ಕೈಗಿಟ್ಟ. "ಗುರ್ತು ಹಾಕಿ ಅಣ್ಣ" ಎಂದ.

ನಾನು ಕಚೇರಿಯ ಬಟ್ಟೆಯಲ್ಲೇ ಮಣ್ಣಿನಲ್ಲಿ ಅಂಗಾತ ಮಲಗಿ ಜೀಪಿನ ಕೆಳಗೆ ತೂರಿದೆ. ಎರಡು ಸಲ ಅಳೆದೆ. ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಕೈಯಿಂದ ಒಂದು ಗೆರೆ ನೆಟ್ಟಗೆ ಬಂತು. ವೆಲ್ಡರ್ ಗ್ರೈಂಡರ್ ಹಿಡಿದು ಕೂದಲಿನಷ್ಟು ಕೂದಲಿನಷ್ಟು ಕೆರೆಯುತ್ತ ಹೋದ. ಮುಕ್ಕಾಲು ಗಂಟೆ ಹಿಡಿಯಿತು. ಟೇಪಣ್ಣ ಒಳಗೆ ಬೆರಳು ಹಾಕಿ ಸವರಿದ, ಬಟ್ಟೆಯ ನೇಯ್ಗೆ ನೋಡುವವನ ಹಾಗೆ ಕಣ್ಣು ಮುಚ್ಚಿ ಸವರಿದ.

"ಏಳು" ಎಂದ. "ಮೂರು."

ಆರೂ ಇದ್ದವು. ಸುತ್ತಲೂ ಸಣ್ಣ ಸಣ್ಣ ಬೆಸುಗೆಯ ಹೊಲಿಗೆ ಬಿತ್ತು. ನೋಡಿದರೆ ಕೋಟಿನ ಕಾಜಾವೇ. ಟೇಪಣ್ಣ ಟೇಪನ್ನು ವಾಪಸು ಕತ್ತಿಗೆ ಹಾಕಿಕೊಳ್ಳುತ್ತ, "ಅಳತೆ ಸರಿಯಾಗಿತ್ತು ಅಣ್ಣ" ಎಂದ. ಅಷ್ಟೇ. ಬಯ್ದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಒಳ್ಳೆಯತನದಲ್ಲೂ ನನಗಿಂತ ಮುಂದೆ ಹೋದ, ಪಾಪಿ.

ಮರುದಿನ ತಪಾಸಣೆಯ ಮೈದಾನದಲ್ಲಿ ಅಧಿಕಾರಿ ಜೀಪಿನ ಸುತ್ತ ಎರಡು ಸುತ್ತು ಬಂದರು. ಬ್ರೇಕು ನೋಡಿದರು, ದೀಪ ನೋಡಿದರು, ಸೀಟಿನ ಜೇಬೊಂದರಲ್ಲಿ ಕೈಯಿಟ್ಟು ಗಾಬರಿಯಾಗಿ ತೆಗೆದರು. ಬಗ್ಗಿ ಚಾಸಿ ನೋಡಿದವರು, "ಏನ್ರೀ ಇದು, ಈ ಕಿಂಡಿ?" ಎಂದರು.

"ಕಾಜಾ ಸಾರ್" ಎಂದ ಟೇಪಣ್ಣ.

"ಗುಂಡಿ ಎಲ್ಲಿ ಹಾಗಾದ್ರೆ?" ಎಂದು ತಮ್ಮ ಮಾತಿಗೆ ತಾವೇ ನಕ್ಕು, ಕಾಗದವಿಟ್ಟು ಪೆನ್ಸಿಲ್ ಉಜ್ಜಿದರು. ಪುಸ್ತಕದ ಜೊತೆ ಹೋಲಿಸಿದರು. ಸುತ್ತಲಿನ ಬೆಸುಗೆಯನ್ನು ಸುತ್ತಿಗೆಯಿಂದ ಎರಡು ಸಲ ತಟ್ಟಿದರು. ಆಮೇಲೆ ಮೊಹರು ಬಿತ್ತು. ನಾದಿನಿ ಅಲ್ಲೇ ಮೈದಾನದಲ್ಲಿ ಕೂತುಬಿಟ್ಟಳು. ಟೇಪಣ್ಣ ಒಂದನೆಯ ತಾರೀಖು ಬೆಳಿಗ್ಗೆ ಎದುರಂಗಡಿಗೆ ಹೋಗಿ, ಕತ್ತು ನೆಟ್ಟಗೆ ಇಟ್ಟುಕೊಂಡೇ, ಬರುವುದಿಲ್ಲ ಎಂದು ಹೇಳಿಬಂದ.

ನನ್ನ ಹೆಂಡತಿ ಸರಿಯಾಗಿ ಹನ್ನೊಂದು ದಿನ ನನ್ನ ಜೊತೆ 'ಹ್ಞೂಂ', 'ಉಹ್ಞೂಂ' ಬಿಟ್ಟು ಬೇರೆ ಮಾತಾಡಲಿಲ್ಲ. ಹತ್ತೊಂಬತ್ತರಿಂದ ಇಪ್ಪತ್ತೊಂಬತ್ತರವರೆಗೆ ಎಷ್ಟಾಯಿತು ಎಂದು ಬೆರಳಲ್ಲಿ ಎಣಿಸಿಕೊಂಡಿದ್ದಳು. ಹನ್ನೆರಡನೆಯ ದಿನ ಟೇಪಣ್ಣ ಕಿಟಕಿಗೆ ಬಂದ. "ಅಣ್ಣ, ಶನಿವಾರ ಶಾಲೆಗೆ ಹೋಗ್ತಿದೀನಿ. ಇನ್ನೂರು ಮಕ್ಕಳ ಅಳತೆ. ನಂಬರ್ ನೆನಪಿಟ್ಕೊಳ್ಳೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ. ಬರ್ಕೊಳ್ಳೋಕೆ ಬರ್ತೀರಾ?"

ಚುಚ್ಚಿದನೋ, ಕರೆದನೋ, ಇವತ್ತಿಗೂ ತಿಳಿದಿಲ್ಲ. ದರ್ಜಿಯ ಕೈಯಲ್ಲಿ ಎರಡಕ್ಕೂ ಸೂಜಿ ಒಂದೇ. ಹೋದೆ. ಮುಂದಿನ ಸೀಟಿನಲ್ಲಿ ಮಾವನವರು ಕೂತಿದ್ದರು. ನನಗೆ ಹಿಂದೆ ಮಿಷನ್ನಿನ ಪಕ್ಕ, ನನ್ನದೇ ಬೂದು ಪ್ಯಾಂಟಿಗೆ ಒರಗಿಕೊಂಡು ಜಾಗ. ಟಾರು ಮುಗಿದಲ್ಲಿ ಟೇಪಣ್ಣ ಇನ್ನೊಂದು ಗೇರು ಎಳೆದ. ಜೀಪು ಒಮ್ಮೆ ಉಸಿರು ಹಿಡಿದು ಕೊರಕಲು ಹತ್ತಿತು. ಅಂಥ ಜಾಗದಲ್ಲಿ ನನ್ನ ಕಾರು ಏನು ಮಾಡುತ್ತಿತ್ತು ಎಂದು ಯಾರೂ ಕೇಳಲಿಲ್ಲ. ನಾನೇ ದಾರಿಯುದ್ದಕ್ಕೂ ಯೋಚಿಸಿಕೊಂಡೆ.

ಶಾಲೆಯ ಅಂಗಳದಲ್ಲಿ ಮಕ್ಕಳು ಸಾಲಾಗಿ ನಿಂತರು. ಅವನು ಅಳೆದು ಹೇಳುತ್ತಿದ್ದ, ನಾನು ಜೀಪಿನ ಹಿಂಬಾಗಿಲಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ಎದೆ ಇಪ್ಪತ್ತಾರು. ಸೊಂಟ ಇಪ್ಪತ್ತೆರಡು. ತೋಳು ಹದಿನಾರು. ನಲವತ್ತನೆಯ ಮಗುವಿನ ಹೊತ್ತಿಗೆ, ಎರಡು ಜಡೆಯ ಒಂದು ಪುಟ್ಟ ಹುಡುಗಿ ಸಾಲು ಬಿಟ್ಟು ಬಂದು ಜೀಪಿನ ಹಸಿರು ಬಣ್ಣದ ಮೇಲೆ ಕೈಯಾಡಿಸಿದಳು. ಮಡಚಿದ ಅಂಚಿನ ಮೇಲೆ ಬೆರಳು ಓಡಿಸಿದಳು. ಆಮೇಲೆ ಕಣ್ಣರಳಿಸಿ ನನ್ನನ್ನು ನೋಡಿದಳು.

"ಸಾರ್, ಈ ಜೀಪು ನಿಮ್ದಾ?"

ಹತ್ತು ಹೆಜ್ಜೆ ಆಚೆ ಟೇಪಣ್ಣ ನಮಗೆ ಬೆನ್ನು ಹಾಕಿ ಒಬ್ಬ ಹುಡುಗನ ಭುಜ ಅಳೆಯುತ್ತಿದ್ದ, ಬಾಯ್ತುಂಬ ಗುಂಡುಸೂಜಿ. ಮಾವನವರು ಮರದ ನೆರಳಿನಲ್ಲಿ ತೂಕಡಿಸುತ್ತಿದ್ದರು. ಆ ಹುಡುಗಿಯನ್ನು ನಾನು ಮತ್ತೆ ಜೀವನದಲ್ಲಿ ನೋಡುವ ಸಂಭವ ಕಡಿಮೆ. ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ.

"ಅಲ್ಲಮ್ಮ" ಎಂದೆ. "ಅವರದ್ದು."

ಅವಳು ಆಮೇಲೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಓಡಿಹೋಗಿ ಅವನ ಪಕ್ಕ ನಿಂತಳು.